‘ಕಪ್ಪಾದರೂ ಲಕ್ಷಣ’ ಎನ್ನುವವರಿಗೆ

ಕಳೆದ ಜನವರಿಯಲ್ಲಿ ಹಳಿಯಾಳದ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಬಹುಮಾನ ಕೊಡುವ ಕೆಲಸ. ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿತ್ತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಕಾಲು ತಾನಾಗಿ ಮಕ್ಕಳಿದ್ದ ಕೋಣೆಗೆ ಹೋಯಿತು. ಬೆಂಚಿನ ಮೇಲೆ ಹುಡುಗಿಯರನ್ನು ಸಾಲಾಗಿ ಕೂರಿಸಿ ಮೇಕಪ್ ಮಾಡುತ್ತಿದ್ದರು. ಕೊನೆಯಲ್ಲಿ ಕೂತಿದ್ದವಳು ಆಫ್ರಿಕ ಮೂಲದ ಸಿದ್ದಿ ಸಮುದಾಯದ ಹುಡುಗಿ, ನಾಲ್ಕನೆಯ ಇಯತ್ತೆ. ಅವಳ ಮುಖಕ್ಕೆ ಬಿಳಿ ಕ್ರೀಮು, ಅದರ ಮೇಲೆ ಪೌಡರು ಮೆತ್ತಿ ಮೆತ್ತಿ ಚರ್ಮ ಬೂದಿ ಬಳಿದಂತಾಗಿತ್ತು. ಕುತ್ತಿಗೆ, ಕೈ ಮಾತ್ರ ಅವಳದೇ ಬಣ್ಣದಲ್ಲಿದ್ದವು. ಗುಂಗುರು ಕೂದಲಿಗೆ ಎಣ್ಣೆ ಸುರಿದು, ಕಣ್ಣಲ್ಲಿ ನೀರು ಬರುವಷ್ಟು ಎಳೆದು ಬಾಚಿ, ಹಿಂದೆ ಉದ್ದನೆಯ ಚೌರಿ ಕಟ್ಟಿದ್ದರು. ನನ್ನನ್ನು ನೋಡಿ ಕೇಳಿದಳು: “ಅಕ್ಕೋರೇ, ಈಗ ಚಂದ ಕಾಣ್ತೇನಾ?”

ಆ ‘ಈಗ’ ನನ್ನನ್ನು ಬಿಡಲಿಲ್ಲ. ಬಹುಮಾನ ಕೊಟ್ಟ ಮೇಲೆ ಮೈಕು ಕೊಟ್ಟಾಗ ಐದು ನಿಮಿಷ ಅದನ್ನೇ ಮಾತಾಡಿದೆ. ಜಗತ್ತಿನ ದೊಡ್ಡ ದೊಡ್ಡ ಫ್ಯಾಶನ್ ಮನೆಗಳು ಇಂದು ಇಂಥದೇ ಮುಖವನ್ನು, ಇಂಥದೇ ಕೂದಲನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿವೆ. ಆ ಮುಖ ನಮ್ಮ ನೆರೆಮನೆಯಲ್ಲೇ ಇದ್ದರೂ ನಾವು ಅದನ್ನು ಸುಣ್ಣ ಬಳಿದು ಮುಚ್ಚುತ್ತಿದ್ದೇವೆ. ಇಷ್ಟೇ ನಾನು ಹೇಳಿದ್ದು. ಅಂದು ಚಹಾ ಕುಡಿಯುವಾಗಲೇ ಆಕ್ಷೇಪ ಶುರುವಾಯಿತು. ಆಮೇಲೆ ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ದಾಂಡೇಲಿ ಬಸ್ಸಿನಲ್ಲಿ ಪಕ್ಕ ಕೂತವರಿಂದಲೂ ಮಾತು ಬಂತು. ಎಲ್ಲರೂ ನನಗೆ ಬೇಕಾದವರೇ. ಅವರಲ್ಲಿ ಕೆಲವರ ಮಾತಿನಲ್ಲಿ ಹುರುಳೂ ಇದೆ. ಅದಕ್ಕೇ ಒಂದೊಂದಾಗಿ ಉತ್ತರಿಸುತ್ತಿದ್ದೇನೆ.

ಹಳೆಯ ಸಹೋದ್ಯೋಗಿಯೊಬ್ಬರು ಮೊದಲಿಗೆ ಹೇಳಿದ್ದು: “ಫ್ಯಾಶನ್ ಅಂದರೆ ದಿನಕ್ಕೊಂದು. ಇವತ್ತು ಕಪ್ಪು, ನಾಳೆ ಮತ್ತೆ ಬಿಳಿ. ಅದನ್ನು ಹಿಡಿದು ಭಾಷಣ ಮಾಡುವುದೇ?”

ಇದು ಒಂದು ದಿನದ ಹುಚ್ಚಾಗಿದ್ದರೆ ಅರವತ್ತು ವರ್ಷ ಹಿಡಿಯುತ್ತಿರಲಿಲ್ಲ. ಬ್ರಿಟನ್ನಿನ ವೋಗ್ ಪತ್ರಿಕೆಯ ಮುಖಪುಟದಲ್ಲಿ ಮೊದಲ ಬಾರಿ ಕಪ್ಪು ರೂಪದರ್ಶಿಯೊಬ್ಬಳು ಬಂದದ್ದು 1966ರ ಮಾರ್ಚಿನಲ್ಲಿ. ಅವಳ ಹೆಸರು ಡೊನ್ಯಾಲ್ ಲೂನಾ. ಆ ಚಿತ್ರದಲ್ಲಿ ಅವಳ ಮುಖದ ಬಹುಭಾಗ ಅವಳದೇ ಕೈಬೆರಳುಗಳ ಹಿಂದೆ ಅಡಗಿದೆ. 1973ರ ನವೆಂಬರಿನಲ್ಲಿ ಪ್ಯಾರಿಸ್ ಬಳಿಯ ವರ್ಸೈ ಅರಮನೆಯಲ್ಲಿ ಫ್ರಾನ್ಸಿನ ಐವರು, ಅಮೆರಿಕದ ಐವರು ವಿನ್ಯಾಸಕಾರರು ಎದುರುಬದುರು ನಿಂತು ಉಡುಪು ಪ್ರದರ್ಶಿಸಿದರು. ಅಮೆರಿಕದ ತಂಡದಲ್ಲಿ ಕಪ್ಪು ರೂಪದರ್ಶಿಯರು ಹತ್ತು ಮಂದಿ ಇದ್ದರು, ಅಂದಿನ ಸಭೆಯನ್ನು ಗೆದ್ದವರು ಅವರೇ. ಮರುವರ್ಷ ಆಗಸ್ಟಿನಲ್ಲಿ ಕಪ್ಪು ರೂಪದರ್ಶಿ ಬೆವರ್ಲಿ ಜಾನ್ಸನ್ ಅಮೆರಿಕದ ವೋಗ್ ಮುಖಪುಟಕ್ಕೆ ಬಂದಳು. ಫ್ರಾನ್ಸಿನ ವೋಗ್‌ಗೆ ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 1988ರಲ್ಲಿ ನವೋಮಿ ಕ್ಯಾಂಪ್‌ಬೆಲ್ ಬಂದಾಗಲೂ ಅದು ಸುಮ್ಮನೆ ಆಗಲಿಲ್ಲ. ವಿನ್ಯಾಸಕಾರ ಈವ್ ಸಾಂ ಲೋರಾಂ, ಅವಳನ್ನು ಹಾಕದಿದ್ದರೆ ತನ್ನ ಜಾಹೀರಾತು ಹಿಂದಕ್ಕೆ ಪಡೆಯುತ್ತೇನೆ ಎಂದು ಪಟ್ಟು ಹಿಡಿದಿದ್ದನೆಂದು ನವೋಮಿಯೇ ಹೇಳಿಕೊಂಡಿದ್ದಾಳೆ.

ಹಿಂದೆ ಸರಿದದ್ದೂ ಉಂಟು, ಇಲ್ಲವೆನ್ನುವುದಿಲ್ಲ. 2000ದ ದಶಕದಲ್ಲಿ ಎಷ್ಟೋ ದೊಡ್ಡ ಪ್ರದರ್ಶನಗಳಲ್ಲಿ ಒಂದೂ ಕಪ್ಪು ಮುಖ ಇರುತ್ತಿರಲಿಲ್ಲ. ಅದಕ್ಕೆ ಉತ್ತರವಾಗಿ ಇಟಲಿಯ ವೋಗ್ 2008ರ ಜುಲೈ ಸಂಚಿಕೆಯನ್ನು ಪೂರ್ತಿ ಕಪ್ಪು ರೂಪದರ್ಶಿಯರಿಗೇ ಮೀಸಲಿಟ್ಟಿತು. ಪ್ರತಿಗಳು ಮುಗಿದು ಮತ್ತೆ ಅಚ್ಚು ಹಾಕಬೇಕಾಯಿತು. 2013ರಲ್ಲಿ ಬೆಥನ್ ಹಾರ್ಡಿಸನ್ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ಗಳ ಫ್ಯಾಶನ್ ಸಂಸ್ಥೆಗಳಿಗೆ ಬಹಿರಂಗ ಪತ್ರ ಬರೆದಳು. ಕಪ್ಪು ರೂಪದರ್ಶಿಯರನ್ನು ದೂರವಿಟ್ಟ ವಿನ್ಯಾಸಕಾರರ ಹೆಸರನ್ನೂ ಎತ್ತಿದಳು. ಇದೇ ಬೆಥನ್ ಅದಕ್ಕೆ ನಲವತ್ತು ವರ್ಷ ಹಿಂದೆ ವರ್ಸೈಯ ವೇದಿಕೆಯ ಮೇಲೆ ನಡೆದವಳು. 2018ರ ಫೆಬ್ರವರಿಯಲ್ಲಿ ಪ್ರಾಡಾ ಎಂಬ ಫ್ಯಾಶನ್ ಕಂಪನಿಯ ಪ್ರದರ್ಶನದಲ್ಲಿ ಮೊದಲು ಹೆಜ್ಜೆ ಇಟ್ಟವಳು ದಕ್ಷಿಣ ಸುಡಾನ್ ಮೂಲದ ಅನೋಕ್ ಯೈ. ಅದಕ್ಕೆ ಮೊದಲು ಆ ಸ್ಥಾನ ಕಪ್ಪು ಹೆಣ್ಣಿಗೆ ಸಿಕ್ಕಿದ್ದು 1997ರಲ್ಲಿ, ನವೋಮಿಗೆ. ಅದೇ 2018ರ ಡಿಸೆಂಬರಿನಲ್ಲಿ ಅದೇ ಪ್ರಾಡಾ, ದಪ್ಪ ಕೆಂಪು ತುಟಿಯ ಕಪ್ಪು ಕೋತಿಯಂಥ ಗೊಂಬೆಗಳನ್ನು ಮಾರಾಟಕ್ಕಿಟ್ಟು, ಜನ ರೊಚ್ಚಿಗೆದ್ದ ಮೇಲೆ ತೆಗೆದುಹಾಕಿತು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಸರಿದಿದೆ, ನಿಜ. ಆದರೆ ಮುಂದಿಟ್ಟ ಪ್ರತಿ ಹೆಜ್ಜೆಯ ಹಿಂದೆ ಯಾರೋ ಜಗಳವಾಡಿದ್ದಾರೆ. ಜಗಳವಾಡಿ ಪಡೆದದ್ದನ್ನು ಹುಚ್ಚು ಎಂದು ಕರೆಯಬಾರದು.

ಎರಡನೆಯ ಮಾತು ಸಂಸ್ಕೃತಿಯದು. “ಇದೆಲ್ಲ ಪಶ್ಚಿಮದ ಎರವಲು. ನಮ್ಮ ಹೆಣ್ಣುಮಕ್ಕಳ ಚೆಲುವನ್ನು ಪ್ಯಾರಿಸ್‌ನವರು ಯಾಕೆ ಅಳೆಯಬೇಕು?”

ಅಳೆಯಬಾರದು ಎನ್ನುವುದೇ ನನ್ನ ನಿಲುವೂ. 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗಿಳಿದದ್ದು, ಮಹಿಳಾ ಸಂಘಟನೆಗಳು ವಿರೋಧಿಸಿದ್ದು, ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಒಯ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹೆಣ್ಣಿನ ಮೈಯನ್ನು ಅಂಗಡಿಯ ಮಾಲಿನಂತೆ ಇಡಬಾರದು ಎಂಬ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಎರವಲು ಯಾವುದು ಎಂಬುದನ್ನು ಸ್ವಲ್ಪ ನೋಡೋಣ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ದಾಂಡೇಲಿಯನ್ನು ಸುತ್ತಿ, ಕಾರವಾರದಲ್ಲಿ ಕಡಲು ಸೇರುವ ನಮ್ಮ ಹೊಳೆಯ ಹೆಸರು ಕಾಳಿ. ಕೃಷ್ಣ ಎಂದರೇ ಕಪ್ಪು. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಅವಳ ಬಣ್ಣದಿಂದ. ಬೇಲೂರಿನ ಮದನಿಕೆಯರನ್ನು ಕಡೆದದ್ದು ಕಪ್ಪು ಬಳಪದ ಕಲ್ಲಿನಲ್ಲಿ. ಅಗಲ ಸೊಂಟ, ತುಂಬಿದ ತೋಳಿನ ಆ ಹೆಣ್ಣುಗಳಲ್ಲಿ ಒಬ್ಬಳೂ ಇಂದಿನ ಜಾಹೀರಾತಿನ ಅಳತೆಗೆ ಹೊಂದುವುದಿಲ್ಲ. ನಮ್ಮ ದೇವತೆಯರು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಮುಂದೆ, ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ಅವರ ಚಿತ್ರಗಳು ಮನೆಮನೆಯ ಗೋಡೆಗೆ ಬಂದ ಮೇಲೆ. ಫೇರ್ ಅಂಡ್ ಲವ್ಲಿ ಎಂಬ ಬಿಳುಪಿನ ಕ್ರೀಮನ್ನು 1975ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು ಹಿಂದುಸ್ತಾನ್ ಲಿವರ್, ಅದರ ಬೇರಿರುವುದು ಯೂರೋಪಿನ ಕಂಪನಿಯಲ್ಲಿ. ಮುಂಡಗೋಡದ ಸಂತೆಯ ಗೂಡಂಗಡಿಯಲ್ಲೂ ಆ ಸಣ್ಣ ಪೊಟ್ಟಣ ದಾರಕ್ಕೆ ನೇತಾಡುತ್ತಿತ್ತು. ಅದನ್ನು ಐವತ್ತು ವರ್ಷ ನಮ್ಮದೇ ಅಂದುಕೊಂಡು ಹಚ್ಚಿಕೊಂಡೆವು. ಕಪ್ಪು ಚಂದ ಎಂದರೆ ಮಾತ್ರ ಅದು ಎರವಲಾಗುತ್ತದೆಯೇ?

ಮೂರನೆಯ ಆಕ್ಷೇಪ ಅತಿ ಸರಳ, ಅದಕ್ಕೇ ಅತಿ ಹಠದ್ದು: “ಅದು ಅವರವರ ಇಷ್ಟ. ಒಬ್ಬನಿಗೆ ಬೆಳ್ಳಗಿರುವವಳು ಇಷ್ಟ, ಇನ್ನೊಬ್ಬನಿಗೆ ಕಪ್ಪಗಿರುವವಳು. ಅದರಲ್ಲಿ ಅನ್ಯಾಯ ಎಲ್ಲಿ ಬಂತು?”

ಇಷ್ಟ ನಿಜವಾಗಿ ಅವರವರದಾಗಿದ್ದರೆ ಅದು ಚದುರಿರಬೇಕಿತ್ತು. 2019ರ ಮೇ ತಿಂಗಳಲ್ಲಿ ಮಿಸ್ ಇಂಡಿಯಾ ಸ್ಪರ್ಧೆಯ ಮೂವತ್ತು ಹುಡುಗಿಯರ ಚಿತ್ರವನ್ನು ಒಟ್ಟಿಗೆ ಅಚ್ಚು ಹಾಕಿದರು. ರಾಜ್ಯಕ್ಕೊಬ್ಬಳಂತೆ ಆರಿಸಿದವರು. ಕಾಶ್ಮೀರದಿಂದ ತಮಿಳುನಾಡಿನವರೆಗೆ ಎಲ್ಲರ ಚರ್ಮವೂ ಒಂದೇ ಬಣ್ಣ, ಎಲ್ಲರ ಕೂದಲೂ ನೇರ. ಯಾರು ಯಾವ ರಾಜ್ಯದವಳೆಂದು ಗುರುತಿಸಲಾಗದೆ ದೇಶವೆಲ್ಲ ಕೇಳಿತು. ಇದು ಮೂವತ್ತು ಜನರ ಮೂವತ್ತು ಇಷ್ಟ ಅಲ್ಲ, ಒಂದೇ ಅಚ್ಚು. ಮದುವೆ ಜೋಡಿಸುವ ಶಾದಿ ಡಾಟ್ ಕಾಮ್, ಮೈಬಣ್ಣದ ಪ್ರಕಾರ ಹುಡುಕುವ ಅನುಕೂಲವನ್ನು ತೆಗೆದದ್ದು 2020ರಲ್ಲಿ. ಅಲ್ಲಿಯವರೆಗೆ ಅದು ಇತ್ತು ಎಂಬುದನ್ನು ಮರೆಯಬೇಡಿ. ಅದೇ ವರ್ಷ ಫೇರ್ ಅಂಡ್ ಲವ್ಲಿಯೂ ಹೆಸರಿನಿಂದ ‘ಫೇರ್’ ಕಳಚಿ ಗ್ಲೋ ಅಂಡ್ ಲವ್ಲಿ ಆಯಿತು.

ಭಾಷೆಯನ್ನೇ ನೋಡಿ. ನಾನು ಕನ್ನಡ ವ್ಯಾಕರಣ ಕಲಿಸಿದವಳು. ಹೆಣ್ಣು ನೋಡಿ ಬಂದವರು ಹೇಳುತ್ತಾರೆ: “ಕಪ್ಪಾದರೂ ಲಕ್ಷಣವಾಗಿದ್ದಾಳೆ.” ಹೊಗಳಿಕೆ ಎಂದೇ ಹೇಳುವುದು. ‘ಬಡವರಾದರೂ ಪ್ರಾಮಾಣಿಕರು’ ಎಂದಾಗ ಬಡವರು ಸಾಮಾನ್ಯವಾಗಿ ಪ್ರಾಮಾಣಿಕರಲ್ಲ ಎಂಬ ನಂಬಿಕೆ ಆ ‘ಆದರೂ’ ಒಳಗೆ ಕೂತಿರುತ್ತದೆ. ‘ಬೆಳ್ಳಗಿದ್ದರೂ ಲಕ್ಷಣ’ ಎಂದು ಇಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ನಾನು ಕೇಳಿಲ್ಲ. ಹಳಿಯಾಳದಲ್ಲಿ ಮರಾಠಿ, ಕೊಂಕಣಿಯೂ ಮನೆಮಾತು. ಅಲ್ಲೂ ‘ಗೋರೀ’ ಎಂದರೆ ಮುದ್ದು, ‘ಕಾಳೀ’ ಎಂದರೆ ಬೈಗುಳ. ನಾವು ಬಣ್ಣಕ್ಕೆ ಇಟ್ಟ ಹೆಸರುಗಳೋ: ಎಣ್ಣೆಗೆಂಪು, ಗೋಧಿ ಬಣ್ಣ, ಸಾದಗಪ್ಪು, ಎಣ್ಣೆಗಪ್ಪು. ಮೆಟ್ಟಿಲಿನಂತೆ ಜೋಡಿಸಿಟ್ಟ ಹೆಸರುಗಳು ಇವು. ಯಾವ ಮೆಟ್ಟಿಲಿನಲ್ಲಿ ತನ್ನನ್ನು ನಿಲ್ಲಿಸಿದ್ದಾರೆಂದು ಎಂಟು ವರ್ಷದ ಮಗುವಿಗೆ ಗೊತ್ತಿರುತ್ತದೆ.

ಗಂಡಸರಿಗೆ ಈ ಮೆಟ್ಟಿಲು ಅಷ್ಟು ಕಡಿದಲ್ಲ. ನಮ್ಮ ಸಿನೆಮಾ ದುನಿಯಾ ವಿಜಯ್ ಅವರನ್ನು ‘ಕರಿ ಚಿರತೆ’ ಎಂದು ಹೆಮ್ಮೆಯಿಂದ ಕರೆಯಿತು. ಅವರಷ್ಟೇ ಕಪ್ಪಗಿರುವ ನಾಯಕಿಯರನ್ನು ಬೆರಳು ಮಡಚಿ ಎಣಿಸಲೂ ಆಗುವುದಿಲ್ಲ.

ಇನ್ನು ನಾಲ್ಕನೆಯದು. ಇದನ್ನು ಹೇಳಿದವರು ಜೋಯಿಡಾದಲ್ಲಿ ಅರಣ್ಯಹಕ್ಕಿಗಾಗಿ ಓಡಾಡಿದ ಹಿರಿಯರು. ಅವರ ಮಾತಿಗೆ ತೂಕವಿದೆ. “ಅಕ್ಕೋರೇ, ಸಿದ್ದಿಗಳಿಗೆ, ಕುಣಬಿಗಳಿಗೆ, ಗೌಳಿಗಳಿಗೆ ಬೇಕಾಗಿರುವುದು ಜಮೀನಿನ ಪಟ್ಟಾ, ರಸ್ತೆ, ಶಾಲೆ, ಆಸ್ಪತ್ರೆ. ನೀವು ರ‍್ಯಾಂಪ್ ತಂದು ಇಟ್ಟಿರಿ. ಹೊಟ್ಟೆಗೆ ಹಿಟ್ಟಿಲ್ಲದಲ್ಲಿ ಜುಟ್ಟಿಗೆ ಮಲ್ಲಿಗೆ.”

ಪಟ್ಟಾ ಮೊದಲು. ಅದರಲ್ಲಿ ಎರಡು ಮಾತಿಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ಸಿದ್ದಿಗಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದಲ್ಲಿದ್ದಾರೆ. ಇಷ್ಟು ತಲೆಮಾರು ಇಲ್ಲೇ ಬಾಳಿದ ಅವರನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಈ ಸಮುದಾಯದಿಂದ ಶಾಸನಸಭೆಗೆ ಕಾಲಿಟ್ಟ ಮೊದಲಿಗರಾದದ್ದು 2020ರಲ್ಲಿ. ಅರಣ್ಯಹಕ್ಕು ಕಾಯಿದೆ ಬಂದದ್ದು 2006ರಲ್ಲಿ, ಆ ಹಕ್ಕಿಗಾಗಿ ಇಂದಿಗೂ ಅರ್ಜಿ ಹಿಡಿದು ಅಲೆಯುವವರನ್ನು ನಾವು ನೋಡುತ್ತಿದ್ದೇವೆ. ನಾನು ಕೇಳುವುದು ಇಷ್ಟೇ. ಪಟ್ಟಾ ಸಿಕ್ಕವನ ಮಗಳು ಪಿಯುಸಿ ಮುಗಿಸಿ ಕೆಲಸ ಹುಡುಕಿ ಹೊರಟಾಗ ಅವಳಿಗಿಂತ ಮೊದಲು ಒಳಗೆ ಹೋಗುವುದು ಯಾವುದು? ಅವಳ ಮುಖ. ದಾಂಡೇಲಿ, ಜೋಯಿಡಾ ದಾರಿಯ ರೆಸಾರ್ಟುಗಳಲ್ಲಿ ನನ್ನ ಶಿಷ್ಯೆಯರು ಕೆಲಸಕ್ಕಿದ್ದಾರೆ. ಇಬ್ಬರನ್ನು ನಾನು ಹೋದಾಗ ಕಂಡೆ. ಒಬ್ಬಳು ಅಡುಗೆಮನೆಯಲ್ಲಿ, ಇನ್ನೊಬ್ಬಳು ಚಾದರ ಒಗೆಯುವಲ್ಲಿ. ಅವರಿಗಿಂತ ಕಡಿಮೆ ಅಂಕ ತೆಗೆದ, ಬೆಳ್ಳಗಿದ್ದ ಹುಡುಗಿಯೊಬ್ಬಳು ಮುಂದಿನ ಕೌಂಟರಿನಲ್ಲಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮೂವರಿಗೂ ಗೊತ್ತಿತ್ತು. ಬೆಂಗಳೂರಿಗೆ ಓದಲು ಹೋದ ಸಿದ್ದಿ ಹುಡುಗರನ್ನು ಯಾವ ದೇಶದವರೆಂದು ಕೇಳುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ಎಲ್ಲಿ ಕಲಿತೆ ಎನ್ನುತ್ತಾರೆ. ಹಿಟ್ಟಿನ ಡಬ್ಬಿಯ ಬಾಯಿಗೇ ಬಣ್ಣದ ಬೀಗ ಹಾಕಿದ್ದಾರೆ ಎಂಬುದನ್ನು ಆ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು.

ರ‍್ಯಾಂಪಿನಿಂದ ಮಗುವಿಗೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಂದಿನ ಸುಡಾನಿನ ವಾವು ಪಟ್ಟಣದಲ್ಲಿ 1977ರಲ್ಲಿ ಹುಟ್ಟಿದ ಅಲೆಕ್ ವೆಕ್ ಡಿಂಕಾ ಜನಾಂಗದವಳು. ಅಂತರ್ಯುದ್ಧಕ್ಕೆ ಸಿಕ್ಕಿ ಊರು ಬಿಟ್ಟು 1991ರಲ್ಲಿ ಲಂಡನ್ ಸೇರಿದಳು. 1995ರಲ್ಲಿ ಬೀದಿ ಸಂತೆಯೊಂದರಲ್ಲಿ ಅವಳನ್ನು ಕಂಡವರು ರೂಪದರ್ಶಿಯಾಗು ಎಂದು ಕರೆದರು. 1997ರ ನವೆಂಬರಿನಲ್ಲಿ ಅಮೆರಿಕದ ಎಲ್ ಪತ್ರಿಕೆಯ ಮುಖಪುಟದಲ್ಲಿ ಅವಳಿದ್ದಳು. ಕಡುಕಪ್ಪು ಚರ್ಮ, ತಲೆಗೆ ಅಂಟಿದಷ್ಟು ಮೋಟು ಗುಂಗುರು ಕೂದಲು, ಅಗಲ ಮೂಗು. ನಮ್ಮ ಸಿದ್ದಿಗಳಿರುವ ಗುಂಜಾವತಿಯಲ್ಲೋ ಮೈನಳ್ಳಿಯಲ್ಲೋ ಬಸ್ಸಿಳಿದರೆ ನಮ್ಮವಳೇ ಎನ್ನುವಂಥ ಮುಖ. ಅದಕ್ಕೆ ಮೊದಲು ಮುಖಪುಟಕ್ಕೆ ಬಂದ ಕಪ್ಪು ಹೆಂಗಸರಲ್ಲಿ ಹೆಚ್ಚಿನವರ ಬಣ್ಣ ತುಸು ತಿಳಿ, ಕೂದಲು ನೇರ ಮಾಡಿಸಿದ್ದು. ಕೀನ್ಯಾದಲ್ಲಿ ಬೆಳೆದ ನಟಿ ಲುಪಿಟಾ ನ್ಯೊಂಗೊ ಬಾಲ್ಯದಲ್ಲಿ ಪ್ರತಿ ರಾತ್ರಿ ದೇವರನ್ನು ಬೇಡುತ್ತಿದ್ದಳಂತೆ, ಬೆಳಿಗ್ಗೆ ಎದ್ದಾಗ ನಾನು ಬೆಳ್ಳಗಾಗಿರಲಿ ಎಂದು. ಕನ್ನಡಿ ನೋಡಿ ದಿನವೂ ನಿರಾಸೆ. ಅಲೆಕ್ ವೆಕ್‌ಳನ್ನು ಜಗತ್ತು ಸುಂದರಿ ಎಂದು ಕೊಂಡಾಡುವುದನ್ನು ಕಂಡ ಮೇಲೆ ತನ್ನನ್ನು ತಾನು ಬೇರೆ ಕಣ್ಣಿನಿಂದ ನೋಡತೊಡಗಿದೆ ಎಂದು 2014ರಲ್ಲಿ ಆಕೆ ಸಭೆಯೊಂದರಲ್ಲಿ ಹೇಳಿದಳು. ಆ ವರ್ಷ ಅವಳಿಗೆ ಆಸ್ಕರ್ ಬಂತು. ಪ್ರಾರ್ಥನೆ ಬದಲಾಗುವುದು ಸಣ್ಣ ಸಂಗತಿಯಲ್ಲ. ನಾನು ಕಲಿಸಿದ ಎಷ್ಟು ಮಕ್ಕಳು ಅದೇ ಪ್ರಾರ್ಥನೆ ಮಾಡಿ ಮಲಗಿರಬಹುದು ಎಂದು ಅದನ್ನು ಓದಿದ ದಿನ ಕೂತು ಯೋಚಿಸಿದೆ.

ಐದನೆಯ ಆಕ್ಷೇಪ ನನ್ನನ್ನೇ ಕಟಕಟೆಗೆ ನಿಲ್ಲಿಸುತ್ತದೆ. ಅದು ಕಾಲೇಜಿನಲ್ಲಿ ಓದುವ ಸಿದ್ದಿ ತರುಣಿಯೊಬ್ಬಳದು. “ನಮ್ಮನ್ನು ಕುರೂಪಿ ಎಂದವರಿಂದಲೂ ಬೇಜಾರು, ಈಗ ಅಬ್ಬಾ ಎಷ್ಟು ಚಂದ ಎಂದು ಫೋಟೋ ಹೊಡೆಯುವವರಿಂದಲೂ ಬೇಜಾರು. ಎರಡರಲ್ಲೂ ನಾವು ನೋಡುವ ವಸ್ತು.”

ಈ ಮಾತಿಗೆ ಮೊದಲು ತಲೆಬಾಗುತ್ತೇನೆ. ಇದಕ್ಕೆ ನಮ್ಮಲ್ಲಿ ಇತಿಹಾಸವೂ ಇದೆ. 1980ರ ದಶಕದ ಕೊನೆಯಲ್ಲಿ, ಆಫ್ರಿಕದವರ ಮೈಕಟ್ಟು ಓಟಕ್ಕೆ ಹೇಳಿಮಾಡಿಸಿದ್ದು ಎಂಬ ಲೆಕ್ಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಮಕ್ಕಳು ಓಡಿದರು, ಪದಕವನ್ನೂ ತಂದರು. 90ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಕಾಲಿನಲ್ಲಿ ಬೂಟಿದ್ದವರು ಮತ್ತೆ ತೋಟದ ಕೂಲಿಗೆ ಮರಳಿದರು. ಮೈಯನ್ನು ಮೆಚ್ಚಿ ಕರೆದವರಿಗೆ ಮೈಯ ಒಳಗಿದ್ದ ಮನುಷ್ಯ ಬೇಕಾಗಿರಲಿಲ್ಲ. ಇಂದು ರೆಸಾರ್ಟುಗಳಲ್ಲಿ ಸಂಜೆ ಬೆಂಕಿ ಹಾಕಿ ಸಿದ್ದಿ ಕುಣಿತ ಇಡಿಸುತ್ತಾರಲ್ಲ, ಅಲ್ಲೂ ನನಗೆ ಅದೇ ಸಂಕಟ. ಡಮಾಮಿ ಅವರ ಹಿರಿಯರ ವಾದ್ಯ, ಮನೆಯ ಸಂತೋಷಕ್ಕೂ ದೇವರ ಪೂಜೆಗೂ ಬಾರಿಸುವಂಥದು. ಪ್ರವಾಸಿಗರೆದುರು ಸೊಪ್ಪಿನ ಲಂಗ ಕಟ್ಟಿ, ಮುಖಕ್ಕೆ ಬಿಳಿ ಚುಕ್ಕೆ ಇಟ್ಟು ಕುಣಿಯುವ ಹುಡುಗ ಹಗಲಿನಲ್ಲಿ ಪ್ಯಾಂಟು ಅಂಗಿ ಹಾಕಿ ಕಾಲೇಜಿಗೆ ಹೋಗುವವನು.

ಹಾಗಾದರೆ ಬದಲಾದ ಫ್ಯಾಶನ್ ಲೋಕವೂ ಇಷ್ಟೆಯೇ? ಇಷ್ಟೇ ಆಗುವ ಅಪಾಯವಿದೆ. ಅದನ್ನು ಅಳೆಯಲು ನಾನು ಕೆಲವು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಚಿತ್ರದ ಕೆಳಗೆ ಅವಳ ಹೆಸರಿದೆಯೇ, ಇಲ್ಲ ‘ಸಿದ್ದಿ ಯುವತಿ’ ಎಂದಷ್ಟೇ ಇದೆಯೇ? ಅವಳಿಗೆ ಸಂಬಳ ಎಲ್ಲರಷ್ಟೇ ಕೊಟ್ಟರೇ? ಏನು ಉಡಬೇಕು, ಕೂದಲು ಹೇಗಿರಬೇಕು ಎಂಬಲ್ಲಿ ಅವಳ ಮಾತು ನಡೆಯಿತೇ? ಹಿಂದೆ ಬಿದಿರು, ಬೆಂಕಿ, ಹುಲಿಚರ್ಮದ ಬಟ್ಟೆ ಇಲ್ಲದೆ, ಸುಮ್ಮನೆ ಒಂದು ರೇಷ್ಮೆ ಸೀರೆಯಲ್ಲಿ ಅವಳನ್ನು ನಿಲ್ಲಿಸುವ ಧೈರ್ಯ ಅವರಿಗಿತ್ತೇ? ಛತ್ತೀಸಗಢದ ಆದಿವಾಸಿ ರೂಪದರ್ಶಿ ರೆನಿ ಕುಜೂರ್ 2018ರಲ್ಲಿ ದೇಶಕ್ಕೆಲ್ಲ ಗೊತ್ತಾದದ್ದು ಅಮೆರಿಕದ ಗಾಯಕಿ ರಿಹಾನಾಳನ್ನು ಹೋಲುತ್ತಾಳೆ ಎಂಬ ಸುದ್ದಿಯಿಂದ. ತೀರ ಕಪ್ಪು ಎಂದು ಅವಳಿಗೆ ಕೆಲಸ ನಿರಾಕರಿಸಿದವರಿದ್ದರು, ಬಣ್ಣ ತಿಳಿಯಾಗಿಸಿ ಮೇಕಪ್ ಮಾಡಿದವರಿದ್ದರು. ದೂರದ ಒಂದು ಪ್ರಸಿದ್ಧ ಮುಖಕ್ಕೆ ಹೋಲಿಸಿದ ಮೇಲಷ್ಟೇ ನಮ್ಮ ಕಣ್ಣಿಗೆ ಅವಳು ಬಿದ್ದಳು. ಬಾಗಿಲು ತೆರೆಯಿತು, ಆದರೆ ಪಕ್ಕದ ಬಾಗಿಲು.

ನೇರ ಬಾಗಿಲಿನಿಂದ ಬಂದವರೂ ಇದ್ದಾರೆ. ಗಿರಿಜಾ ಸಿದ್ದಿ, ಗೀತಾ ಸಿದ್ದಿ, ಪ್ರಶಾಂತ ಸಿದ್ದಿ ರಂಗಭೂಮಿಯಲ್ಲಿ, ಹಾಡಿನಲ್ಲಿ, ಸಿನೆಮಾದಲ್ಲಿ ತಮ್ಮ ಹೆಸರಿನಿಂದಲೇ ಗೊತ್ತಾದವರು. 2021ರ ‘ಸಲಗ’ ಚಿತ್ರದಲ್ಲಿ ಸಿದ್ದಿ ಕಲಾವಿದರು ಹಾಡಿದ ಹಾಡಿಗೆ ರಾಜ್ಯದ ಮೂಲೆಮೂಲೆ ಕುಣಿಯಿತು. ನಾನು ಆ ತರುಣಿಗೆ ಕೊಟ್ಟ ಉತ್ತರ ಇಷ್ಟು: ನೋಡುವವರ ಕಣ್ಣು ತಪ್ಪಿದ್ದರೆ ಕಣ್ಣನ್ನು ತಿದ್ದೋಣ, ಎದುರಿಗೆ ನಿಲ್ಲುವ ನಿನ್ನ ಹಕ್ಕನ್ನು ಬಿಡಬೇಡ. ಅವಳು ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಚಂದವನ್ನು ಅಳೆಯುವ ಕೋಲು ಸಿದ್ದಿಗಳ ಕೇರಿಗಳಲ್ಲಿ ಮೊದಲಿನಿಂದ ಇದೆ ಎಂಬುದನ್ನೂ ಇಲ್ಲಿ ಹೇಳಬೇಕು. ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ನಡುವಿನವರೆಗೆ ಕೂಡಿಸುತ್ತ ಬರುತ್ತಾರೆ. ಕೆಂಪಿನ ಪಕ್ಕ ಹಳದಿ, ಹಳದಿಯ ಪಕ್ಕ ನೀಲಿ. ಹೊಂದುತ್ತದೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂ ಇಡಬೇಕು. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಈ ಕೌದಿಗಳನ್ನು ಅಭ್ಯಾಸ ಮಾಡಿದ ಮೇಲೆ ಅವು ಹೊರದೇಶದ ಪ್ರದರ್ಶನಗಳಿಗೆ ಹೋದವು. ನಾವು, ಪಕ್ಕದ ಓಣಿಯವರು, ಚಳಿಗೆ ಹೊದ್ದುಕೊಂಡೆವು, ಆದರೆ ಕಣ್ಣಿಟ್ಟು ನೋಡಲಿಲ್ಲ. ಇಷ್ಟು ಗಟ್ಟಿಯಾದ ರುಚಿಯುಳ್ಳ ಮನೆಯ ಮಗುವಿಗೆ ಚಂದ ಎಂದರೇನೆಂದು ಪೌಡರಿನ ಡಬ್ಬಿ ಹಿಡಿದು ಕಲಿಸಲು ಹೊರಟವರು ನಾವು.

“ಕಪ್ಪಾಯಿತು, ಇನ್ನು ದಪ್ಪವನ್ನೂ ಚಂದ ಅನ್ನುತ್ತೀರಾ?” ಎಂದವರಿಗೆ ಉದ್ದ ಉತ್ತರ ಬೇಡ. ಬ್ರೆಜಿಲಿನ ರೂಪದರ್ಶಿ ಅನಾ ಕರೋಲಿನಾ ರೆಸ್ಟನ್ 2006ರಲ್ಲಿ ಊಟ ಬಿಟ್ಟು ಬಿಟ್ಟು ಸತ್ತಾಗ ಅವಳಿಗೆ 21 ವರ್ಷ. ಆ ವರ್ಷ ಮ್ಯಾಡ್ರಿಡ್ ತೀರ ಬಡಕಲು ರೂಪದರ್ಶಿಯರನ್ನು ವೇದಿಕೆಯಿಂದ ದೂರವಿಟ್ಟಿತು. ಫ್ರಾನ್ಸಿನಲ್ಲಿ 2017ರಿಂದ ರೂಪದರ್ಶಿಗೆ ವೈದ್ಯರ ಪ್ರಮಾಣಪತ್ರ ಬೇಕು, ಚಿತ್ರದಲ್ಲಿ ಮೈಯನ್ನು ತಿದ್ದಿದ್ದರೆ ತಿದ್ದಿದ್ದೇವೆಂದು ಬರೆಯಬೇಕು. ಉಣ್ಣುವ ಹುಡುಗಿ ಚಂದ. ಮುಂಡಗೋಡದ ಟಿಬೇಟಿಯನ್ ಕಾಲನಿಯ ಮಕ್ಕಳ ಕಣ್ಣನ್ನು, ಮೂಗನ್ನು ಹಿಡಿದು ಇಟ್ಟ ಅಡ್ಡಹೆಸರುಗಳಿಗೂ ನನ್ನ ಉತ್ತರ ಬೇರೆಯಲ್ಲ. 1966ರಿಂದ ಅವರು ನಮ್ಮ ನೆರೆಯವರು. ಅವರ ಮುಖ ನಮಗೆ ಅಭ್ಯಾಸವಾಗಲು ಇನ್ನೆಷ್ಟು ವರ್ಷ ಬೇಕು?

ಕಡೆಯದಾಗಿ, ಆ ಶಾಲೆಯಲ್ಲಿ ಮೇಕಪ್ ಮಾಡುತ್ತಿದ್ದ ತಾಯಿ ನನಗೆ ಹೇಳಿದ ಮಾತು. ಅವರ ದನಿಯಲ್ಲಿ ನೋವಿತ್ತು. “ಅಕ್ಕೋರೇ, ನಾನು ಅವಳಿಗೆ ಕೆಟ್ಟದ್ದು ಮಾಡಲಿಲ್ಲ. ಸ್ಟೇಜಿನ ಲೈಟಿಗೆ ಮುಖ ಕಾಣಲಿ ಎಂದು ಹಚ್ಚಿದೆ. ಎಲ್ಲರಿಗೂ ಹಚ್ಚಿದ್ದೇ ಅವಳಿಗೂ.”

ತಾಯೀ, ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ನನಗೆ ಗೊತ್ತು. ನಿಮ್ಮ ಕೈಯಲ್ಲಿದ್ದದ್ದು ಒಂದೇ ಬಣ್ಣದ ಡಬ್ಬಿ. ಅದನ್ನು ತಯಾರಿಸಿದವರು ಆ ಮಗುವನ್ನು ಎಣಿಕೆಗೆ ಹಿಡಿಯಲಿಲ್ಲ. ಎಲ್ಲರಿಗೂ ಒಂದೇ ಹಚ್ಚುವುದು ಸಮಾನತೆ ಎಂದು ನಾನೂ ಎಷ್ಟೋ ವರ್ಷ ನಂಬಿದ್ದೆ. ನನ್ನ ಕೈಯಿಂದಲೂ ಎಷ್ಟೋ ಮುಖಗಳಿಗೆ ಅದೇ ಪೌಡರು ಬಳಿದಿದ್ದೇನೆ, ಆ ಮಕ್ಕಳ ಕ್ಷಮೆ ನನಗೂ ಬೇಕು. ಈಗ ಕಡುಕಪ್ಪು ಚರ್ಮಕ್ಕೆ ಹೊಂದುವ ಬಣ್ಣಗಳು ಸಿಗುತ್ತವೆ. ಸಿಗದಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಕಣ್ಣಿಗೆ ಕಾಡಿಗೆ ಹಚ್ಚಿ ಬಿಡಿ. ದೀಪದ ಬೆಳಕು ಎಣ್ಣೆಗಪ್ಪು ಮುಖದ ಮೇಲೆ ಬಿದ್ದಾಗ ಹೇಗೆ ಹೊಳೆಯುತ್ತದೆಂದು ಒಮ್ಮೆ ನೋಡಿ. ಚೌರಿ ಬೇಡ, ಗುಂಗುರು ಕೂದಲಿನಲ್ಲಿ ಅಬ್ಬಲಿಗೆ ದಂಡೆ ಜಾರದೆ ನಿಲ್ಲುತ್ತದೆ.

ಬರುವ ಡಿಸೆಂಬರಿಗೆ ನಮ್ಮ ಕಡೆಯ ತಾಲೂಕುಗಳ ಶಾಲೆಗಳಲ್ಲಿ ಮತ್ತೆ ವಾರ್ಷಿಕೋತ್ಸವದ ಗಡಿಬಿಡಿ ಶುರುವಾಗುತ್ತದೆ. ಮೇಕಪ್ ಮಾಡುವ ಅಕ್ಕೋರುಗಳಲ್ಲಿ, ತಾಯಂದಿರಲ್ಲಿ ಒಂದೇ ವಿನಂತಿ. ಮಗುವನ್ನು ವೇದಿಕೆಗೆ ಕಳಿಸುವ ಮೊದಲು ಅದರ ಕೈಯನ್ನು ಎತ್ತಿ ಅದರ ಕೆನ್ನೆಯ ಪಕ್ಕ ಹಿಡಿದು ನೋಡಿ. ಎರಡೂ ಒಂದೇ ಬಣ್ಣವಿರಲಿ.